ಷರಾ ಬರೆಯದೆ ಸಹಿ ಹಾಕಿದವರು

ಹೋದ ತಿಂಗಳು ಮಾಣಿಕಪ್ಪ ಫೋನು ಮಾಡಿದ. ಮೂರು ವರ್ಷದ ಮೇಲೆ ಕೇಳಿದ ದನಿ. ಹೇಗಿದ್ದೀರಿ, ಆರಾಮಾ ಎಂಬ ಮಾತೇನೂ ಇಲ್ಲ. ಭಾಲ್ಕಿಯಲ್ಲಿ ಮೊಣಕಾಲಿನ ಶಿಬಿರ ಇದೆ, ಹೊರಗಿನ ಟ್ರಸ್ಟಿನವರು ತಾವು ಆರಿಸಿದವರಿಗೆ ಪುಕ್ಕಟೆ ಆಪರೇಷನ್ ಮಾಡಿಸುತ್ತಾರಂತೆ, ಹೆಂಡತಿಯನ್ನು ಕರೆದುಕೊಂಡು ಬರುತ್ತಿದ್ದೇನೆ, ಅರ್ಜಿ ಬರೆಯಬೇಕು, ನೀವೂ ಬನ್ನಿ ಎಂದು ಹೇಳಿ ಮುಗಿಸಿದ. ಎಲ್ಲಿಗೆ ಬರಬೇಕು ಎಂದು ಕೇಳಿದೆ. ನಮ್ಮ ಹಳೇ ಗೋದಾಮಿನಲ್ಲೇ ಎಂದ.

ನಾನು ಅವತ್ತೇ ಪೇಟೆಗೆ ಹೋಗಿ ಪೆನ್ನಿಗೆ ಹೊಸ ರಿಫಿಲ್ಲು ಹಾಕಿಸಿಕೊಂಡು ಬಂದೆ. ಅರವತ್ತು ದಾಟಿದ ಮನುಷ್ಯ ಹಳೇ ಪೇಪರಿನ ಅಂಚಿನ ಮೇಲೆ ಗೀಚಿ ಗೀಚಿ ನೋಡುವುದನ್ನು ಕಂಡು ಹೆಂಡತಿ ನಕ್ಕಳು. ನಗಲಿ ಎಂದು ಇನ್ನೊಂದು ಸಾಲು ಗೀಚಿದೆ. ಮಾಣಿಕಪ್ಪ ಮತ್ತೆ ನನ್ನ ಕೈಯಿಂದ ಕಾಗದ ಬರೆಸುತ್ತಾನೆ ಎಂಬ ಆಸೆಯನ್ನು ನಾನು ಬಿಟ್ಟು ಬಹಳ ದಿನವಾಗಿತ್ತು.

ಭಾಲ್ಕಿಯ ನಮ್ಮ ಗೋದಾಮು ಈಗ ಫಂಕ್ಷನ್ ಹಾಲ್. ಗೋಡೆಗೆ ಗುಲಾಬಿ ಬಣ್ಣ ಬಳಿದಿದ್ದಾರೆ, ತಗಡು ಕಾಣಬಾರದೆಂದು ಮೇಲೆ ಬಿಳಿ ಬಟ್ಟೆ ಕಟ್ಟಿದ್ದಾರೆ, ದೊಡ್ಡ ತಕ್ಕಡಿ ಇದ್ದ ಜಾಗದಲ್ಲಿ ಮದುಮಕ್ಕಳು ಕೂಡುವ ಎರಡು ಕೆಂಪು ಕುರ್ಚಿ. ಇಷ್ಟೆಲ್ಲ ಮಾಡಿದರೂ ಒಳಗೆ ಕಾಲಿಟ್ಟ ಕೂಡಲೇ ಮೂಗಿಗೆ ಅದೇ ವಾಸನೆ ಬಡಿಯಿತು. ಗೋಣಿಯ ನಾರು, ತೊಗರಿಯ ಧೂಳು, ಹುಳ ಸಾಯಿಸುವ ಗುಳಿಗೆಯ ಕೊಳೆತ ಬೆಳ್ಳುಳ್ಳಿಯಂಥ ಘಾಟು. ಮೂವತ್ತು ವರ್ಷ ಕಾಳಿನ ಧೂಳು ಕುಡಿದ ಗೋಡೆ ಎರಡು ಕೋಟು ಬಣ್ಣಕ್ಕೆ ಬಗ್ಗುವುದಿಲ್ಲ. ಆ ವಾಸನೆಯ ಜೊತೆಗೆ ನಾವು ಮೂವರು ಕೋರ್ಟಿಗೆ ಅಲೆದ ವರ್ಷವೂ ಬಂತು. ನಾನು ಮರೆತಿದ್ದೇನೆ ಎಂದುಕೊಂಡಿದ್ದ ವರ್ಷ ಅದು.

ನಮ್ಮದು ಕಾಳುಕಡಿ ಸಂಗ್ರಹಿಸಿಡುವ ಒಂದು ನಿಗಮ. ಹೆಸರು ಬೇಡ, ಈಗಲೂ ತಿಂಗಳು ತಿಂಗಳು ಅಲ್ಲಿಂದಲೇ ನಾಲ್ಕು ಕಾಸು ಪೆನ್ಷನ್ನು ಬರುತ್ತದೆ, ಉಂಡ ಮನೆಯ ಜಂತಿ ಎಣಿಸಬಾರದು. ಬೀದರಿನಲ್ಲಿ ಜಿಲ್ಲಾ ಕಚೇರಿ, ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಗೋದಾಮು. ನಾನು ಕಚೇರಿಯಲ್ಲಿ ಸಿಬ್ಬಂದಿ ಗುಮಾಸ್ತ. ಯಾರಿಗೆ ರಜೆ, ಯಾರಿಗೆ ಬಡ್ತಿ, ಯಾರ ಪಗಾರದಲ್ಲಿ ಎಷ್ಟು ಮುರಿಯಬೇಕು ಎಲ್ಲ ನನ್ನ ಟೇಬಲ್ಲಿನ ಮೇಲಿಂದಲೇ ಹೋಗಬೇಕು. ಮಾಣಿಕಪ್ಪ ಔರಾದ ಗೋದಾಮಿನ ಕಾವಲುಗಾರ. ಊರು ಸಂತಪುರ, ಮಳೆ ನಂಬಿದ ಐದು ಎಕರೆ ಹೊಲ, ಹತ್ತು ಹನ್ನೆರಡು ಕುರಿ. ನಾನು ಬರೀ ಗುಮಾಸ್ತನಾದರೂ ಅವನಿಗೆ ಸಾಹೇಬ. ಮೂರನೆಯವರು ಸುಗುಣಾಬಾಯಿ, ಭಾಲ್ಕಿ ಗೋದಾಮಿನಲ್ಲಿ ಬಂದ ಮಾಲು ನೋಡಿ ರಸೀದಿ ಕೊಡುವವರು. ಅವರ ತಂದೆ ಬೀದರಿನ ಮಿಷನ್ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರಂತೆ. ಒಂದು ಗುಳಿಗೆ ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ ಎನ್ನುವ ಗುಣ ಮಗಳಿಗೂ ಬಂದಿತ್ತು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು, ಸ್ವಲ್ಪ ಹೆದರುತ್ತಲೂ ಇದ್ದೆವು.

ಗೋದಾಮಿನ ರಸೀದಿ ಪುಸ್ತಕದಲ್ಲಿ ಕೊನೆಯ ಕಾಲಮ್ಮು ಷರಾ. ಬಂದ ಚೀಲ ಹೇಗಿದೆ ಎಂದು ಬರೆಯುವ ಜಾಗ. ‘ಎರಡು ಚೀಲ ನೆನೆದಿವೆ’, ‘ಒಂದರ ಹೊಲಿಗೆ ಬಿಚ್ಚಿದೆ’, ‘ಕಾಳಿನಲ್ಲಿ ಮಣ್ಣು ಹೆಚ್ಚು’. ಷರಾ ಬರೆಯದೆ ಸಹಿ ಹಾಕಿದರೆ ಮಾಲು ಚೊಕ್ಕವಾಗಿದೆ ಎಂದು ಒಪ್ಪಿಕೊಂಡಂತೆ. ಮುಂದೆ ಅದು ಕೆಟ್ಟರೆ ಸಹಿ ಹಾಕಿದವರ ಪಗಾರಕ್ಕೇ ಕತ್ತರಿ. ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದ ಪಾಠವೇ ಇದು. ಗೇಟಿನಲ್ಲಿ ಕೂಡುವ ಮಾಣಿಕಪ್ಪ ಕೂಡ ಟಾರ್ಪಾಲು ಹರಿದಿದ್ದರೆ ತನ್ನ ಪುಸ್ತಕದಲ್ಲಿ ಸೊಟ್ಟ ಅಕ್ಷರದಲ್ಲಿ ‘ಲಾರಿ ತಾಡಪತ್ರಿ ಹರಿದದ’ ಎಂದು ಬರೆಯದೆ ಲಾರಿ ಒಳಗೆ ಬಿಡುತ್ತಿರಲಿಲ್ಲ.

ಆಮೇಲೆ ಊರೂರಿಗೆ ಖಾಸಗಿ ಗೋದಾಮು ಎದ್ದವು, ನಮ್ಮ ಕಡೆ ಚೀಲ ಬರುವುದು ಕಡಿಮೆಯಾಯಿತು. ನಿಗಮದವರು ಸ್ವಯಂ ನಿವೃತ್ತಿ ಯೋಜನೆ ತಂದರು. ತಾವಾಗಿ ಬಿಟ್ಟು ಹೋಗುವವರಿಗೆ ಕಾಯ್ದೆ ಪ್ರಕಾರ ಬರುವುದೆಲ್ಲ ಬರುತ್ತದೆ, ಅದರ ಮೇಲೆ ನಿಗಮ ತನ್ನ ಖುಷಿಯಿಂದ ಇಷ್ಟು ತಿಂಗಳ ಪಗಾರ ಎಂದು ಲೆಕ್ಕ ಹಾಕಿ ಇನ್ನೊಂದು ಮೊತ್ತ ಕೊಡುತ್ತದೆ. ಇಂಗ್ಲಿಷಿನಲ್ಲಿ ಎಕ್ಸ್‌ಗ್ರೇಷಿಯಾ, ನಮ್ಮ ಕಾಗದದಲ್ಲಿ ಅನುಗ್ರಹ ಧನ, ಮಾಣಿಕಪ್ಪನ ಬಾಯಲ್ಲಿ ಇನಾಮು. ಇಪ್ಪತ್ತೆರಡು ಮಂದಿ ಒಪ್ಪಿದೆವು. ಮಾರ್ಚ್ ಕಡೆಯ ದಿನ ಎಲ್ಲರನ್ನೂ ಬೀದರಿನ ಕಚೇರಿಗೆ ಕರೆದು ಶಾಲು ಹೊದಿಸಿ, ಚೆಕ್ಕು ಕೊಟ್ಟು ಕಳಿಸುವುದೆಂದು ಗೊತ್ತಾಯಿತು.

ಈಗ ನನ್ನ ತಪ್ಪಿನ ವಿಷಯ. ಚೆಕ್ಕು ಪಡೆದವರು ಒಂದು ಕಾಗದ ಬರೆದು ಕೊಡಬೇಕಾಗಿತ್ತು. ಮೇಲಿನ ಕಚೇರಿಯಿಂದ ಬಂದ ನಮೂನೆಯಲ್ಲಿ ಇದ್ದದ್ದು ಒಂದೇ ಸಾಲು: ಈ ಕೆಳಗಿನ ಮೊತ್ತದ ಚೆಕ್ಕು ನನಗೆ ಮುಟ್ಟಿದೆ. ನನಗೆ ಅದು ಬೋಳುಬೋಳಾಗಿ ಕಂಡಿತು. ಮೂವತ್ತು ವರ್ಷ ಉಪ್ಪುಂಡವರು ಬಿಟ್ಟು ಹೋಗುವಾಗ ಕಿರಾಣಿ ಅಂಗಡಿಯ ಚೀಟಿಯಂಥ ಕಾಗದ ಕೊಡುವುದೇ? ನನ್ನ ಅಕ್ಷರ ಚೆಂದ ಎಂದು ಜಿಲ್ಲೆಯಲ್ಲಿ ಹೆಸರಿತ್ತು, ಆ ಹೆಸರು ನನಗೂ ರುಚಿಸುತ್ತಿತ್ತು. ಇಪ್ಪತ್ತೆರಡೂ ಕಾಗದ ನಾನೇ ಕೂತು ಬರೆದೆ. ‘ತಾವು ದಯೆತೋರಿ ನೀಡಿದ ಅನುಗ್ರಹ ಧನವನ್ನು ಪೂರ್ಣ ತೃಪ್ತಿಯಿಂದ ಸ್ವೀಕರಿಸಿರುತ್ತೇನೆ. ಇನ್ನು ಮುಂದೆ ಸಂಸ್ಥೆಯಿಂದ ನನಗೆ ಬರತಕ್ಕದ್ದು ಏನೂ ಇರುವುದಿಲ್ಲ.’ ಎರಡನೆಯ ಸಾಲನ್ನು ಯಾರೂ ಕೇಳಿರಲಿಲ್ಲ. ಮೊದಲನೆಯದು ಒಂಟಿಯಾಗಿ ನಿಂತಂತೆ ಕಂಡಿತು, ಕಾಗದ ತುಂಬಿದಂತಾಗಲಿ ಎಂದು ಹಾಕಿದೆ.

ಎಲ್ಲರೂ ಸಾಲಾಗಿ ಬಂದು ಸಹಿ ಮಾಡಿದರು. ಕೆಲವರು ಓದಿ ಅಕ್ಷರ ಹೊಗಳಿದರು. ಸುಗುಣಾಬಾಯಿ ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು, ಸಹಿಯ ಮೇಲಿದ್ದ ಸಣ್ಣ ಜಾಗದಲ್ಲಿ ತಮ್ಮ ಪೆನ್ನಿನಿಂದ ಬರೆದರು: ‘ಷರಾ: ಪಗಾರ ಪರಿಷ್ಕರಣೆ ಬಾಕಿ ಇದೆ. ಆದಾಗ ಈ ಲೆಕ್ಕ ಮತ್ತೆ ನೋಡುವುದು.’ ಪರಿಷ್ಕರಣೆ ಆಗಬೇಕಾದ ಅವಧಿ ಮುಗಿದು ಎಷ್ಟೋ ಕಾಲವಾಗಿತ್ತು, ಆಗುತ್ತದೆ ಆಗುತ್ತದೆ ಎಂದು ಕೇಳಿ ಕೇಳಿ ನಾವು ಕೈಬಿಟ್ಟಿದ್ದೆವು. ಒಳ್ಳೇ ಕಾಗದ ಕೆಡಿಸಿದರಲ್ಲ ಎಂದು ನನಗೆ ಸಿಟ್ಟೇ ಬಂತು, ಇನ್ನೊಂದು ಬರೆದು ಕೊಡುತ್ತೇನೆ, ಚೊಕ್ಕವಾಗಿ ಸಹಿ ಮಾಡಿ ಎಂದೆ.

“ಷರಾ ಇಲ್ದ ನಾ ಒಂದ್ ಚೀಲಾನೂ ಒಳಗ ತಗೊಂಡಿಲ್ರಿ ಕಾಶಿನಾಥ. ಇದೂ ಒಂದ್ ಚೀಲನೇ” ಎಂದರು.

ಅವರ ಹಿಂದೆ ನಿಂತಿದ್ದವನು ಮಾಣಿಕಪ್ಪ. ಅವನು ಬಗ್ಗಿ ಆ ಷರಾ ನೋಡಿದ, ನನ್ನ ಮುಖ ನೋಡಿದ, ತಾನೂ ಅಂಥದ್ದೇನಾದರೂ ಬರೆಯಬೇಕೇ ಎಂದು ಮೆಲ್ಲಗೆ ಕೇಳಿದ. ನಾನು ಹೇಳಿದ ಮಾತು ಇವತ್ತಿಗೂ ಬಾಯಿಪಾಠ ಇದೆ. “ಕೊಡೋ ಕೈ ಮುಂದ ಷರಾ ಬರದ್ರ ಚೆಂದ ಕಾಣಲ್ಲೋ” ಎಂದೆ. ಅವನು ತಲೆಯಾಡಿಸಿ ಸಹಿ ಹಾಕಿದ. ನೆನೆದ ಒಂದು ಚೀಲಕ್ಕೆ ಕಣ್ಣುಮುಚ್ಚಿ ಸಹಿ ಮಾಡದ ಇಪ್ಪತ್ತೊಂದು ಮಂದಿ ತಮ್ಮ ಮೂವತ್ತು ವರ್ಷದ ದುಡಿಮೆಗೆ ಷರಾ ಇಲ್ಲದೆ ಸಹಿ ಮಾಡಿ ಎದ್ದೆವು.

ಒಂದು ವರ್ಷ ದಾಟಿ, ಮಿರಗದ ಮಳೆ ಹಿಡಿದ ಹೊತ್ತಿನಲ್ಲಿ ಸುದ್ದಿ ಬಂತು. ಆ ಸಲ ಮಳೆ ಮಾತು ಉಳಿಸಿಕೊಂಡಿತ್ತು, ಬೀದರಿನ ಕೆಂಪು ಮಣ್ಣು ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೆಲ್ಲ ಹೆಜ್ಜೆ ಮೂಡುತ್ತಿತ್ತು. ಪಗಾರ ಪರಿಷ್ಕರಣೆಯ ಆದೇಶ ಆಗಿತ್ತು. ಅದೂ ಹಿಂದಿನ ತಾರೀಕಿನಿಂದ, ನಾವೆಲ್ಲ ಇನ್ನೂ ನೌಕರಿಯಲ್ಲಿದ್ದ ಕಾಲದಿಂದ ಜಾರಿ. ಅಂದರೆ ನಾವು ಬಿಟ್ಟ ದಿನ ನಮ್ಮ ಪಗಾರ ಕಾಗದದ ಮೇಲೆ ಇದ್ದದ್ದಕ್ಕಿಂತ ಹೆಚ್ಚಿತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ. ದುಡಿದ ತಿಂಗಳುಗಳ ವ್ಯತ್ಯಾಸ ಕೊಟ್ಟರು, ಗ್ರಾಚುಟಿಯ ವ್ಯತ್ಯಾಸವನ್ನೂ ಕೊಟ್ಟರು. ಅನುಗ್ರಹ ಧನವನ್ನೂ ಹೊಸ ಪಗಾರದ ಮೇಲೆ ಲೆಕ್ಕ ಹಾಕಿ ಎಂದು ನಾವು ಕೇಳಿದ್ದಕ್ಕೆ ಎರಡು ಸಾಲಿನ ಉತ್ತರ ಬಂತು. ಅದು ಸಂಸ್ಥೆ ಕೃಪೆಯಿಂದ ಕೊಟ್ಟದ್ದು, ಹಕ್ಕಿನಿಂದ ಕೇಳುವಂಥದ್ದಲ್ಲ. ಇನ್ನೂ ನೌಕರಿಯಲ್ಲಿದ್ದ ಹಳೇ ಸ್ನೇಹಿತನೊಬ್ಬ ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂದು ನನ್ನೆದುರಿಗೇ ನಕ್ಕ. ನನಗೂ ಅರೆಮನಸ್ಸಿತ್ತು. ಖುಷಿಯಿಂದ ಕೊಟ್ಟದ್ದನ್ನು ಕೋರ್ಟಿನಲ್ಲಿ ಕೇಳುವುದು ಸರಿಯೇ ಎಂದು.

ನನ್ನ ಅರೆಮನಸ್ಸು ಬಿಡಿಸಿದವನು ಮಾಣಿಕಪ್ಪ. ಅವನ ಹೆಂಡತಿ ಕಲಾವತಿಗೆ ಎರಡೂ ಮೊಣಕಾಲು ಸವೆದು ಹೋಗಿದ್ದವು. ಬೀದರಿನ ಡಾಕ್ಟರು ಎರಡನ್ನೂ ಬದಲಾಯಿಸಬೇಕು ಎಂದಿದ್ದರು. ಮೊದಲು ಬಂದ ರೊಕ್ಕ ಮಗಳ ಮದುವೆಗೆ, ಮನೆಯ ಗೋಡೆಗೆ ಆಗಿಹೋಗಿತ್ತು. ಈ ವ್ಯತ್ಯಾಸ ಬಂದರೆ ಆಪರೇಷನ್ನಿಗೆ ಸರಿಹೋಗುತ್ತದೆ ಎಂದು ಅವನೇ ಕೂಡಿಸಿ ಕಳೆದು ನೋಡಿಕೊಂಡಿದ್ದ. “ಪಗಾರ ಅವರು ಹೆಚ್ಚಿಗಿ ಮಾಡ್ಯಾರಿ. ಇಷ್ಟ್ ತಿಂಗಳ ಪಗಾರ ಕೊಡ್ತೇವಿ ಅಂತನೂ ಅವರೇ ಅಂದಾರ. ಮತ್ತ ಇದರಾಗ ಬೇಡೋದೇನದರಿ ಸಾಹೇಬ್ರ?” ಎಂದ. ಆಮೇಲೆ ಕೋರ್ಟಿನಲ್ಲಿ ಹಲವು ವಾದ ಕೇಳಿದೆ, ಇಷ್ಟು ಚೊಕ್ಕವಾದದ್ದು ಒಂದೂ ಇರಲಿಲ್ಲ.

ಕರೀಮುದ್ದೀನ್ ಎಂಬ ವಕೀಲರನ್ನು ಹಿಡಿದೆವು. ಎಲ್ಲರೂ ಪಟ್ಟಿ ಹಾಕಿ ಖರ್ಚಿನ ರೊಕ್ಕ ಕೂಡಿಸಿ, ಕಲಬುರಗಿಯ ಕೋರ್ಟಿನಲ್ಲಿ ಇಪ್ಪತ್ತೆರಡೂ ಮಂದಿಯ ಹೆಸರಿನಲ್ಲಿ ಒಂದೇ ಕೇಸು ಹಾಕಿದೆವು. ಅಲ್ಲಿಂದ ನಮಗೊಂದು ಹೊಸ ನೌಕರಿ ಸಿಕ್ಕಂತಾಯಿತು. ತಾರೀಕು ಇದ್ದ ದಿನ ಮಾಣಿಕಪ್ಪ ಸಂತಪುರದಿಂದ ಮೊದಲನೆ ಬಸ್ಸಿಗೆ ಬೀದರಿಗೆ ಬರುತ್ತಿದ್ದ, ಸುಗುಣಾಬಾಯಿ ಡಬ್ಬಿಯಲ್ಲಿ ರೊಟ್ಟಿ ಪಲ್ಯ ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಅದೇ ಕಂಬದ ಹತ್ತಿರ ನಿಂತಿರುತ್ತಿದ್ದರು, ನಾನು ಕಾಗದದ ಫೈಲು ಹಿಡಿದು ಕೂಡಿಕೊಳ್ಳುತ್ತಿದ್ದೆ. ಹುಮನಾಬಾದ್ ಮೇಲೆ ಕಲಬುರಗಿ ಮುಟ್ಟುವಷ್ಟರಲ್ಲಿ ಸೊಂಟ ಹಿಡಿದುಕೊಳ್ಳುತ್ತಿತ್ತು. ನಮ್ಮ ಕೇಸು ಒಮ್ಮೊಮ್ಮೆ ಕೂಗುತ್ತಲೇ ಇರಲಿಲ್ಲ. ಕೂಗಿದರೆ ಎದುರಿನ ವಕೀಲರು ಸಮಯ ಕೇಳುತ್ತಿದ್ದರು. ಆದರೂ ಸುಳ್ಳು ಯಾಕೆ ಹೇಳಲಿ, ಆ ಬಸ್ಸಿನ ದಿನಗಳು ನನಗೆ ಸುಖವಾಗಿದ್ದವು. ನಿವೃತ್ತಿಯಾದ ಮೇಲೆ ಮೊದಲ ಸಲ ಮುಂಜಾನೆ ಎದ್ದು ಇಸ್ತ್ರಿ ಅಂಗಿ ಹಾಕಿಕೊಳ್ಳಲು ಒಂದು ಕಾರಣ ಸಿಕ್ಕಿತ್ತು. ರೊಟ್ಟಿ ಹಂಚಿಕೊಂಡು, ಹಳೆ ಮ್ಯಾನೇಜರುಗಳ ನಡಿಗೆ ಅಣಕಿಸಿಕೊಂಡು ಹೋಗುತ್ತಿದ್ದೆವು. ಗೋದಾಮಿನಲ್ಲಿದ್ದಾಗ ಹೆದರುತ್ತಿದ್ದ ಸುಗುಣಾಬಾಯಿಯ ಜೊತೆ ಮಾಣಿಕಪ್ಪ ಈಗ ಹರಟೆ ಹೊಡೆಯುತ್ತಿದ್ದ.

ಹೆಸರು ಕಾಯಿ ಕಪ್ಪಾಗುವ ಹೊತ್ತಿಗೆ ಮಳೆ ಬಿಡದೆ ಹತ್ತಿತು. ಎಂಟು ದಿನ ಬಿಸಿಲೇ ಇಲ್ಲ. ಮಾಣಿಕಪ್ಪನ ಹೊಲದ ಹೆಸರು ಕಾಯಿಯೊಳಗೇ ಮೊಳಕೆ ಒಡೆಯಿತು. ಮುಂದಿನ ತಾರೀಕಿಗೆ ಬಂದವನು ಸಣ್ಣ ಚೀಲದಲ್ಲಿ ಉಳಿದ ಹೆಸರು ತಂದಿದ್ದ, ನಮ್ಮಿಬ್ಬರ ಮನೆಗೂ ಅರ್ಧರ್ಧ. ಸುಗುಣಾಬಾಯಿ ಬಸ್ಸಿನಲ್ಲೇ ಒಂದು ಮುಷ್ಟಿ ತೆಗೆದು ಅಂಗೈ ಮೇಲೆ ಉಜ್ಜಿ ನೋಡಿದರು, ಒಂದು ಕಾಳು ಕಡಿದು ನೋಡಿದರು, ಪಸೆ ಹೆಚ್ಚಿದೆ, ಮೂರು ಬಿಸಿಲು ಹಾಕದೆ ಡಬ್ಬಿಗೆ ತುಂಬಬೇಡಿ ಎಂದರು. ಮಾಣಿಕಪ್ಪ ನಕ್ಕು ಹಾಗಾದರೆ ಷರಾ ಬರೆದೇ ತಗೊಳ್ಳಿ ಎಂದ. ಮೂವರೂ ನಕ್ಕೆವು. ಅದು ನಾವು ಮೂವರೂ ಕೂಡಿ ನಕ್ಕ ಕೊನೆಯ ಸಲ.

ಸೀಗಿ ಹುಣ್ಣಿಮೆ ಆಗಿ ನಾಲ್ಕೈದು ದಿನ ಕಳೆದಿರಬೇಕು. ನಿಗಮದವರು ತಮ್ಮ ತಕರಾರು ಸಲ್ಲಿಸಿದ್ದಾರೆ, ಬನ್ನಿ ಎಂದು ವಕೀಲರು ಬೀದರಿನ ತಮ್ಮ ಮನೆಗೆ ಕರೆದರು. ಹೊರಗೆ ಒಳ್ಳೇ ಬಿಸಿಲಿತ್ತು. ವಕೀಲರ ಮುಂದೆ ಝೆರಾಕ್ಸು ಕಾಗದದ ದಪ್ಪ ಕಟ್ಟು. ಒಂದೊಂದೇ ತಿರುವಿ ಹಾಕಿದರು. ಎಲ್ಲದರಲ್ಲೂ ಅದೇ ಎರಡು ಸಾಲು, ಅದೇ ಅಕ್ಷರ. ನಮ್ಮ ಇಪ್ಪತ್ತೆರಡು ಕಾಗದಗಳನ್ನೇ ಅವರು ಕೋರ್ಟಿಗೆ ಹಾಜರು ಮಾಡಿದ್ದರು. ಇನ್ನು ಬರತಕ್ಕದ್ದು ಏನೂ ಇಲ್ಲ ಎಂದು ಇವರೇ ತೃಪ್ತಿಯಿಂದ ಬರೆದು ಕೊಟ್ಟಿದ್ದಾರೆ, ಈಗ ಏನು ಕೇಳುತ್ತಾರೆ ಎಂಬುದೇ ಅವರ ತಕರಾರು.

ವಕೀಲರು ಕನ್ನಡಕ ತೆಗೆದು ಒರೆಸಿಕೊಂಡರು. “ಹರಫ್ ಭಾಳ ಛಲೋ ಅವರಿ. ಯಾರು ಬರದಾರಿದು?” ಎಂದು ಕೇಳಿದರು. ಹರಫ್ ಎಂದರೆ ಅಕ್ಷರ.

ಅಕ್ಷರ ಕಲಿತಾಗಿನಿಂದ ಆ ಹೊಗಳಿಕೆಗೆ ನಾನು ಉಬ್ಬಿದ್ದೆ. ಅವತ್ತು ನೆಲ ಬಾಯಿಬಿಡಬಾರದೇ ಅನ್ನಿಸಿತು. ನಾನೇ ಎಂದೆ. ಮೇಲಿನ ಕಚೇರಿಯ ನಮೂನೆಯಲ್ಲೇ ಇದು ಇತ್ತೇ ಎಂದು ಅವರು ಕೇಳಿದರು. ಹಾಗಿದ್ದರೆ ಬೇರೆ ದಾರಿ ಇತ್ತಂತೆ. ಒತ್ತಾಯದಿಂದ ಬರೆಸಿಕೊಂಡರು ಎನ್ನಬಹುದಿತ್ತಂತೆ. ನಾನು, ನಮೂನೆ ಹೇಗಿತ್ತೋ ನೆನಪಿಲ್ಲ ಎಂದುಬಿಟ್ಟೆ. ಒಂದು ಸುಳ್ಳು. ಮಾಣಿಕಪ್ಪ ನನ್ನನ್ನು ನೋಡಲಿಲ್ಲ, ಕಿಟಕಿಯ ಕಡೆ ನೋಡುತ್ತಿದ್ದ. ವಕೀಲರು ಕಟ್ಟಿನ ಕೆಳಗಿನಿಂದ ಒಂದು ಕಾಗದ ಎಳೆದು, ಇದೊಂದು ಬೇರೆ ಇದೆಯಲ್ಲ, ಇದನ್ನು ಬರೆದ ಮಹಾತಾಯಿ ಯಾರು ಎಂದರು. ಸುಗುಣಾಬಾಯಿ ಶಾಲೆಯ ಹುಡುಗಿಯಂತೆ ಕೈ ಎತ್ತಿದರು.

ಅವತ್ತಿನಿಂದ ಮಾಣಿಕಪ್ಪ ತಾರೀಕಿಗೆ ಬರುವುದನ್ನು ಬಿಟ್ಟ. ಹೊಲದ ಕೆಲಸ ಎಂದ, ಕುರಿ ಕಾಯುವವರಿಲ್ಲ ಎಂದ. ನಾನು ಫೋನು ಮಾಡಿದರೆ ಹಾಂ, ಹೂಂ ಎಂದು ಇಡುತ್ತಿದ್ದ. ನಾನೂ ಸುಗುಣಾಬಾಯಿಯೂ ಇಬ್ಬರೇ ಹೋಗಿಬರುತ್ತಿದ್ದೆವು. ರೊಟ್ಟಿ ಅವರು ಮೂವರಿಗೆ ಆಗುವಷ್ಟೇ ತರುತ್ತಿದ್ದರು, ಉಳಿದದ್ದನ್ನು ನಾನು ಮನೆಗೆ ಒಯ್ಯುತ್ತಿದ್ದೆ.

ಎಳ್ಳ ಅಮಾವಾಸ್ಯೆಗೆ ನಾಲ್ಕು ದಿನ ಮುಂಚೆ ತೀರ್ಪು ಬಂತು. ಬೀದರಿನಲ್ಲಿ ಮುಂಜಾನೆಯ ಚಳಿ ಎಲುಬಿಗೆ ಇಳಿಯುವ ಕಾಲ ಅದು, ಕೋರ್ಟಿನ ಸುದ್ದಿಯನ್ನು ವಕೀಲರ ಅಂಗಳದಲ್ಲಿ ಬಿಸಿಲು ಕಾಯಿಸುತ್ತ ಕೇಳಿದೆವು. ಅನುಗ್ರಹ ಧನ ಸಂಸ್ಥೆಯ ಇಚ್ಛೆಗೆ ಬಿಟ್ಟದ್ದು. ಕೊಟ್ಟದ್ದನ್ನು ಪೂರ್ಣ ತೃಪ್ತಿಯಿಂದ, ಇನ್ನೇನೂ ಬಾಕಿಯಿಲ್ಲ ಎಂದು ಒಪ್ಪಿ ಪಡೆದವರು ಮತ್ತೆ ತಿರುಗಿ ಕೇಳಲು ಬರುವುದಿಲ್ಲ. ಇಪ್ಪತ್ತೊಂದು ಮಂದಿಯ ಅರ್ಜಿ ವಜಾ. ಆದರೆ ಒಬ್ಬರು ಪರಿಷ್ಕರಣೆಯ ಮಾತನ್ನು ಉಳಿಸಿಕೊಂಡೇ ಸಹಿ ಮಾಡಿದ್ದಾರೆ, ಸಂಸ್ಥೆ ಆ ಕಾಗದವನ್ನು ಚಕಾರವೆತ್ತದೆ ತೆಗೆದುಕೊಂಡಿದೆ. ಅವರ ಲೆಕ್ಕವನ್ನು ಮೂರು ತಿಂಗಳಲ್ಲಿ ಮತ್ತೆ ನೋಡಿ ಕೊಡತಕ್ಕದ್ದು. ಮುಂದೆ ಮೇಲ್ಮನವಿ ಹಾಕಬಹುದು, ಆದರೆ ಈ ಕಾಗದ ಇಟ್ಟುಕೊಂಡು ಅಲ್ಲೂ ಏನು ಹೇಳಲಿ ಎಂದರು ವಕೀಲರು.

ವಾಪಸು ಬರುವಾಗ ನಾನು ಸುಗುಣಾಬಾಯಿಗೆ, ನಿಮಗಾದರೂ ಬಂತಲ್ಲ, ಸಂತೋಷ ಎಂದೆ. ಅವರು ಮುಚ್ಚುಮರೆ ಮಾಡುವವರಲ್ಲ. ಸಂತೋಷ ಆಗಿದೆ, ಅದು ನನ್ನದು, ನನಗೆ ಬರಬೇಕಾದ್ದೇ ಎಂದರು. ಸ್ವಲ್ಪ ದೂರ ನಡೆದು ನಿಂತರು. ಆ ನಮೂನೆಯಲ್ಲಿ ಎರಡನೆ ಸಾಲು ಇರಲಿಲ್ಲ ಎಂಬುದು ತಮಗೆ ಗೊತ್ತು ಎಂದರು. ರಸೀದಿ ಓದದೆ ಸಹಿ ಮಾಡುವ ಹೆಂಗಸಲ್ಲವಲ್ಲ, ಅವತ್ತು ಟೇಬಲ್ಲಿನ ಮೇಲೆ ಬಿದ್ದಿದ್ದ ನಮೂನೆಯನ್ನೂ ಓದಿದ್ದರು. ವಕೀಲರ ಮುಂದೆ ನನ್ನ ಸುಳ್ಳು ಕೇಳಿಯೂ ಸುಮ್ಮನಿದ್ದರು.

“ಮಾಣಿಕಪ್ಪಗ ನೀವೇ ಹೋಗಿ ಹೇಳ್ರಿ. ಮಂದಿ ಬಾಯಿಲೆ ಹೋಗೋದು ಬ್ಯಾಡ” ಎಂದರು.

ಎಳ್ಳ ಅಮಾವಾಸ್ಯೆಯ ದಿನವೇ ಸಂತಪುರಕ್ಕೆ ಹೋದೆ. ನಮ್ಮ ಕಡೆ ಅವತ್ತು ಊರಲ್ಲಿ ಯಾರೂ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ಬಸ್ಸೂ ಅರ್ಧ ಖಾಲಿ. ಜೋಳ ತೆನೆ ಕಟ್ಟುವ ಹೊತ್ತು, ಕಡಲೆ ಗಿಡದ ಎಲೆಗೆ ಹುಳಿ ಇಳಿದು ಬದುವಿನಲ್ಲಿ ನಡೆದರೆ ಕಾಲು ಚುರುಗುಟ್ಟುವ ಹೊತ್ತು. ಮಾಣಿಕಪ್ಪನ ಹೊಲದಲ್ಲಿ ಜೋಳದ ದಂಟಿನ ಕೊಂಪೆ ಕಟ್ಟಿ ಪೂಜೆ ಮುಗಿಸಿದ್ದರು. ಕಲಾವತಿಯನ್ನು ಟ್ರ್ಯಾಕ್ಟರಿನಲ್ಲಿ ಪ್ಲಾಸ್ಟಿಕ್ ಕುರ್ಚಿಯ ಸಮೇತ ತಂದು ಬದುವಿನ ಮೇಲೆ ಕೂರಿಸಿದ್ದರು. ಹಿಂದಿನ ವರ್ಷದವರೆಗೂ ತಾನೇ ಬುಟ್ಟಿ ಹೊತ್ತು ಬಂದು ಹೊಲ ಸುತ್ತಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲುತ್ತಿದ್ದಾಕೆ, ಆ ಸಲ ಕುರ್ಚಿಯ ಮೇಲಿಂದಲೇ ಇಲ್ಲಿ ಚೆಲ್ಲಿ, ಅಲ್ಲಿ ಬಿಟ್ಟಿರಿ ಎಂದು ಬೆರಳು ತೋರಿಸುತ್ತಿದ್ದಳು. ನನ್ನನ್ನು ಕಂಡು ಏಳಲು ಹೋಗಿ ಕುರ್ಚಿಯ ಕೈ ಹಿಡಿದು ಹಾಗೇ ಕೂತಳು.

ಮಾಣಿಕಪ್ಪ ಬಂದ ಅತಿಥಿಗೆ ಮಾಡುವುದನ್ನೆಲ್ಲ ಮಾಡಿದ. ಸಜ್ಜಿ ರೊಟ್ಟಿ, ಕಾಳು ಸೊಪ್ಪು ಬೆರೆಸಿದ ಭಜ್ಜಿ ಪಲ್ಯ ಹಾಕಿದ, ಗಡಿಗೆಯ ಅಂಬಲಿ ಎರಡು ಸಲ ಬಗ್ಗಿಸಿದ. ಕೇಸಿನ ಮಾತು ಎತ್ತಲಿಲ್ಲ. ತೀರ್ಪಿನ ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು. ಊಟ ಮುಗಿದ ಮೇಲೆ ನಾನೇ ಹೇಳಿದೆ. ಆ ಎರಡನೆಯ ಸಾಲನ್ನು ಯಾರೂ ಬರೆಸಿರಲಿಲ್ಲ, ನಮೂನೆಯಲ್ಲಿ ಇರಲಿಲ್ಲ, ಕಾಗದ ಚೆಂದ ಕಾಣಲಿ ಎಂದು ನಾನೇ ಸೇರಿಸಿದ್ದು. ವಕೀಲರ ಮುಂದೆ ಸುಳ್ಳು ಹೇಳಿದೆ. ನೀನು ಷರಾ ಬರೆಯಲೇ ಎಂದು ಕೇಳಿದಾಗ ಬೇಡ ಎಂದವನೂ ನಾನೇ. ತಪ್ಪಾಯಿತು.

ಮಾಣಿಕಪ್ಪ ಅಂಬಲಿಯ ಗಡಿಗೆಯ ಬಾಯಿಯನ್ನು ಬಟ್ಟೆಯಿಂದ ಒರೆಸಿದ.

“ನೀವು ಚೆಂದ ಅಂತ ಬರದ್ರಿ, ನಾ ಚೆಂದ ಅಂತ ಸಹಿ ಹಾಕ್ದೆ” ಎಂದ. “ಅದಕ್ಕ ನಿಮ್ಮ ಮ್ಯಾಲ ಪೂರಾ ಸಿಟ್ಟು ಮಾಡ್ಕೊಳಾಕೂ ಆಗವಲ್ದು. ಬಿಡಾಕೂ ಆಗವಲ್ದುರಿ. ನೀವೀಗ ಹೋಗ್ರಿ.”

ಹೋದೆ. ಬೈದಿದ್ದರೆ ಹಗುರಾಗುತ್ತಿತ್ತು. ಬಸ್ಸಿನಲ್ಲಿ ಕೂತು ನೋಡಿದರೆ ಕೈಚೀಲದಲ್ಲಿ ಕಲಾವತಿ ಕಟ್ಟಿಸಿದ ಭಜ್ಜಿಯ ಡಬ್ಬಿ ಇತ್ತು. ಆ ಡಬ್ಬಿಯನ್ನು ತಿರುಗಿ ಮುಟ್ಟಿಸುವ ಧೈರ್ಯ ನನಗೆ ಬರಲಿಲ್ಲ. ಮೂರು ವರ್ಷ ನಮ್ಮ ಅಡಿಗೆಮನೆಯ ಹಲಗೆಯ ಮೇಲೆ ಹಾಗೇ ಕೂತಿತ್ತು. ಈ ನಡುವೆ ಮಾಣಿಕಪ್ಪ ತನ್ನ ಕಾಗದಪತ್ರಗಳನ್ನು ಸಂತಪುರದ ಬೇರೆ ಯಾರಿಂದಲೋ ಬರೆಸುತ್ತಾನೆ ಎಂದು ಕೇಳಿದೆ. ನಾನೂ ಊರಿನವರಿಗೆ ಅರ್ಜಿ ಬರೆದುಕೊಡುವುದನ್ನು ಬಿಡಲಿಲ್ಲ, ಆದರೆ ಬರೆಸಿದವರು ಹೇಳದ ಒಂದು ಮಾತನ್ನೂ ಸೇರಿಸುವುದಿಲ್ಲ, ಸಹಿಯ ಮೇಲೆ ಒಂದು ಸಾಲು ಖಾಲಿ ಬಿಡುತ್ತೇನೆ. ಯಾಕೆ ಎಂದು ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಹೋದ ತಿಂಗಳು ಭಾಲ್ಕಿಗೆ ಹೋಗುವಾಗ ಆ ಡಬ್ಬಿಯನ್ನು ಒಯ್ದಿದ್ದೆ. ಕಲಾವತಿ ಫಂಕ್ಷನ್ ಹಾಲಿನ ಗೋಡೆಗೆ ಒರಗಿ ಕುರ್ಚಿಯ ಮೇಲೆ ಕೂತಿದ್ದಳು, ಈಗ ಪೂರ್ತಿ ನಡೆಯುವುದೇ ಇಲ್ಲ. ಡಬ್ಬಿ ಕೊಟ್ಟೆ. ಇಷ್ಟು ದಿನ ಬೇಕಾಯಿತೇ ಎಂದು ನಕ್ಕಳು. ಮಾಣಿಕಪ್ಪ ನಗಲಿಲ್ಲ, ಒಂದು ಬಿಳಿ ಹಾಳೆ ಕೊಟ್ಟ. ಸಾಲು ದೊಡ್ಡದಿತ್ತು, ಶಿಬಿರದವರು ಕರೆಯುವಷ್ಟರಲ್ಲಿ ಬರೆದು ಮುಗಿಸಬೇಕಾಗಿತ್ತು. ಬರೆದೆ. ಹೆಸರು, ಊರು, ವಯಸ್ಸು, ಗಂಡನ ಹೆಸರು. ಮೊಣಕಾಲಿನ ಆಪರೇಷನ್ನಿಗೆ ಆರಿಸಿಕೊಳ್ಳಬೇಕೆಂದು ಕೋರಿಕೆ. ದಯೆ, ಕೃಪೆ, ತೃಪ್ತಿ ಎಂಬ ಮಾತು ಒಂದೂ ಇಲ್ಲ. ಕೆಳಗೆ ಒಂದು ಸಾಲು ಖಾಲಿ ಬಿಟ್ಟು ಸಹಿಯ ಜಾಗ ತೋರಿಸಿ ಅವನ ಕೈಗೆ ಕೊಟ್ಟೆ.

ಅವನು ಬಾಗಿಲ ಬೆಳಕಿಗೆ ಹೋಗಿ ನಿಂತು ಓದಿದ. ಗೇಟಿನ ಪುಸ್ತಕ ಓದುತ್ತಿದ್ದ ಹಾಗೆ, ಬೆರಳಿಟ್ಟು, ತುಟಿ ಆಡಿಸಿ. ಒಂದು ಸಲ ಮುಗಿಸಿ ಮತ್ತೆ ಮೊದಲಿನಿಂದ ಓದಿದ. ಶಿಬಿರದವರು ಕಲಾವತಿಯ ಹೆಸರು ಕೂಗಿದರು. ಅವನು ಅವಸರ ಮಾಡಲಿಲ್ಲ. ಬಂದು ನನ್ನ ಪೆನ್ನು ಇಸಿದುಕೊಂಡು, ಕೆಂಪು ಕುರ್ಚಿಯ ಮೇಲೆ ಹಾಳೆ ಇಟ್ಟು, ಮೊಣಕಾಲೂರಿ ಕೂತು, ಖಾಲಿ ಬಿಟ್ಟ ಸಾಲಿನಲ್ಲಿ ತನ್ನ ಸೊಟ್ಟ ಅಕ್ಷರದಲ್ಲಿ ಬರೆದ: ‘ಷರಾ: ಎರಡೂ ಮೊಣಕಾಲು.’

ಅದನ್ನು ಹೆಂಡತಿಗೆ ಓದಿ ಹೇಳಿದ. ಆಕೆ ಹೂಂ ಎಂದ ಮೇಲೆ ಆಕೆಯ ಸಹಿ ಹಾಕಿಸಿದ.